ಮಕ್ಕಳನ್ನು ಕರೆದುಕೊಂಡು ಶಿವಮೊಗ್ಗಕ್ಕೇ ಹೋಗಿಬಿಡೋಣ ಅಂತಿದ್ದೇವೆ, ತಪ್ಪಾ?

ಗೋಪಾಳದ ಮಗಳು, ಡಲ್ಲಾಸ್ ಹತ್ತಿರ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ನಾವು ಇಲ್ಲಿಗೆ ಬಂದು 13 ವರ್ಷ. ಮಗಳಿಗೆ 11, ಮಗನಿಗೆ 7, ಇಬ್ಬರೂ ಇಲ್ಲೇ ಹುಟ್ಟಿದವರು. ಮನೆ ಊರಾಚೆ ಬಡಾವಣೆಯಲ್ಲಿ. ಹುಲ್ಲು, ಮರ, ಅಗಲ ರಸ್ತೆ, ಎಲ್ಲ ಚೆಂದ. ಆದರೆ ಸಂಜೆ ಹೊರಗೆ ನೋಡಿದರೆ ಒಂದು ನರಪಿಳ್ಳೆ ಇರುವುದಿಲ್ಲ. ಮಗನಿಗೆ ಆಡಲು ಜೊತೆ ಬೇಕು ಅಂದರೆ ಇನ್ನೊಬ್ಬ ಹುಡುಗನ ಅಮ್ಮನಿಗೆ ಮೆಸೇಜ್ ಹಾಕಬೇಕು. ಅವರು ಕ್ಯಾಲೆಂಡರ್ ನೋಡಿ ಮುಂದಿನ ಶನಿವಾರ 3 ಗಂಟೆ ಅನ್ನುತ್ತಾರೆ. ಆಮೇಲೆ ಕಾರಲ್ಲಿ ಬಿಟ್ಟು, 5ಕ್ಕೆ ಕರೆದುಕೊಂಡು ಬರಬೇಕು.

ಕಳೆದ ಜುಲೈನಲ್ಲಿ ಊರಿಗೆ ಹೋಗಿದ್ದೆವು. ಮಳೆ ಹೊಳವಾದಾಗಲೆಲ್ಲ ಮಗ ಅಪ್ಪನ ಮನೆ ಗೇಟು ಹತ್ತಿ ನಿಲ್ಲುತ್ತಿದ್ದ. ಸೊಪ್ಪಿನವಳು, ಹಾಲಿನವನು, ಎದುರು ಮನೆ ಅಜ್ಜಿ, ಯಾರದೋ ಹಸು. ಎಲ್ಲರೂ ಅವನನ್ನು ಮಾತಾಡಿಸಿದರು, ಹಸು ಬಿಟ್ಟು. ವಾಪಸ್ ಬಂದ ಮೇಲೆ ಇಲ್ಲಿಯ ಕಿಟಕಿ ಹತ್ತಿರ ನಿಂತು, "ಅಮ್ಮಾ, ಇಲ್ಲಿ ಯಾಕೆ ಯಾರೂ ಬರಲ್ಲ?" ಅಂದ. ಅವತ್ತಿನಿಂದ ನಿದ್ದೆ ಸರಿಯಾಗಿಲ್ಲ.

ಇವರ ಕೆಲಸ ಮನೆಯಿಂದಲೇ. ಅಪ್ಪ ಅಮ್ಮ ಶಿವಮೊಗ್ಗದ ಗೋಪಾಳದಲ್ಲಿ ಇಬ್ಬರೇ. ಮಗಳನ್ನು ಈ ವಯಸ್ಸಲ್ಲಿ ಅಲ್ಲಿಯ ಶಾಲೆಗೆ ಸೇರಿಸಿದರೆ ಹೊಂದಿಕೊಳ್ಳುತ್ತಾಳಾ? ಕನ್ನಡ ಮಾತಾಡುತ್ತಾಳೆ, ಓದಲು ಬರಲ್ಲ. ಹೋಗಿ ಬಂದವರು ಹೇಳಿ.

ಸಾಗರದವ, ಸಿಡ್ನಿ:
ಹೊರಟುಬಿಡಿ. ಯೋಚನೆ ಮಾಡ್ತಾ ಕೂತವರು ಯಾರೂ ಹೋಗಿಲ್ಲ. ನಾನು 2009ರಿಂದ "ಬರೋ ವರ್ಷ" ಅಂತಿದ್ದೇನೆ.

ವಾಪಸ್ ಬಂದವಳು, ವಿನೋಬನಗರ:
ಮೂರು ವರ್ಷದ ಹಿಂದೆ ನಾವು ಬಂದೆವು. ಆಗ ಮಗಳು ಆರನೇ ಕ್ಲಾಸು. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಕನ್ನಡದಿಂದ ತಪ್ಪಿಸಿಕೊಳ್ಳಬಹುದು ಅಂದುಕೊಳ್ಳಬೇಡಿ. 2015ರ ಕಾನೂನು ಇದೆ, ಸಿಬಿಎಸ್‌ಇ ಶಾಲೆಯಲ್ಲೂ ಕಲಿಸುತ್ತಾರೆ. ಮಾತು ಬಂದರೂ ಒತ್ತಕ್ಷರ ಬರಲ್ಲ. ಪಕ್ಕದ ಬೀದಿಯ ರಿಟೈರ್ಡ್ ಮೇಷ್ಟ್ರ ಹತ್ತಿರ ಎಂಟು ತಿಂಗಳು ದಿನಾ ಸಂಜೆ ಕೂರಿಸಿದೆ. ಮೊದಲ ಆರು ತಿಂಗಳು ಅಳು. ಕನ್ನಡಕ್ಕಲ್ಲ, ಅವಳ ಇಂಗ್ಲಿಷ್ ಕೇಳಿ ಕ್ಲಾಸಲ್ಲಿ ನಗುತ್ತಿದ್ದರು.

ಮಕ್ಕಳ ಓಸಿಐ ಕಾರ್ಡಿನ (ವಿದೇಶಿ ಪೌರತ್ವ ಇರುವ ಭಾರತ ಮೂಲದವರಿಗೆ ಕೊಡುವ ಕಾರ್ಡು) ತಾರೀಕು ಈಗಲೇ ನೋಡಿ. ಯಾರೂ ಹೇಳಲ್ಲ ಇದನ್ನು. 2021ರ ಮಾರ್ಚ್ 4ರ ಆಮೇಲೆ ಕಾರ್ಡ್ ಮಾಡಿಸಿದ್ದರೆ ನೀಟ್, ಜೆಇಇ ಬರೆದರೂ ಎನ್‌ಆರ್‌ಐ ಸೀಟಿನ ಲೆಕ್ಕಕ್ಕೇ ಬರುತ್ತಾರೆ. ಅದಕ್ಕೆ ಮೊದಲು ಆಗಿದ್ದರೆ ಇಲ್ಲಿಯ ಮಕ್ಕಳ ಹಾಗೇ ಸೀಟು ಕೇಳುವ ಹಳೇ ಹಕ್ಕು ಉಳಿಯುತ್ತದೆ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತೋಟ ಇದೆಯಾ? ಓಸಿಐ ಇದ್ದವರಿಗೆ ತೋಟ ಹಿರಿಯರಿಂದ ಬಂದರೆ ತೊಂದರೆ ಇಲ್ಲ, ದುಡ್ಡು ಕೊಟ್ಟು ಕೊಳ್ಳುವ ಹಾಗಿಲ್ಲ. ಬೇಸಿಗೆಯಲ್ಲಿ ಮಕ್ಕಳನ್ನು ಕಾಡಿನ ಅಂಚಿಗೆ ಬಿಡುವ ಮುಂಚೆ ಆ ಕಡೆ ಮಂಗನ ಕಾಯಿಲೆ ಇದೆಯಾ ಕೇಳಿ. ಅದು ಹರಡುವುದೇ ಉಣುಗಿನಿಂದ, ಕಚ್ಚಿದೆಯಾ ಅಂತ ಮೈ ನೋಡುವುದು ಅಭ್ಯಾಸವಾಗಲಿ.

ಇನ್ನು ನಿಮ್ಮ ಮಗನ ಮಾತು. ನಮ್ಮ ಬೀದಿಯಲ್ಲಿ 14 ಮನೆ. ಒಂಬತ್ತರಲ್ಲಿ ಗಂಡ ಹೆಂಡತಿ ಇಬ್ಬರೇ, ಅರವತ್ತು ದಾಟಿದವರು. ಮಕ್ಕಳು ಬೆಂಗಳೂರು, ಟೊರಾಂಟೊ, ಸಿಂಗಪುರ. ಮಧ್ಯಾಹ್ನ ಮೂರಕ್ಕೆ ಬಂದು ನೋಡಿ, ಕುಕ್ಕರ್ ಕೂಗಿದರೆ ಯಾರ ಮನೆಯದು ಅಂತ ಗೊತ್ತಾಗುತ್ತದೆ. ಮಾತಾಡಿಸುವವರು ಬೇಕಾದಷ್ಟು ಇದ್ದಾರೆ. ಕ್ರಿಕೆಟ್ ಆಡುವವರು ಇಲ್ಲ. ಆ ಹುಡುಗರು ನಾವೇ ಅಲ್ವಾ, ಬೀದಿ ಖಾಲಿ ಮಾಡಿಕೊಂಡು ಹೋದವರು. ನನ್ನ ಮಗ ಆಡುವುದಕ್ಕೆ ಇವತ್ತೂ ಸ್ಕೂಟರಲ್ಲಿ ಬಿಟ್ಟು ಬರುತ್ತೇನೆ, ಆಲ್ಕೊಳದ ತನಕ.

ತೀರ್ಥಹಳ್ಳಿ ಮಾವ, ನ್ಯೂಜೆರ್ಸಿ:
ತಂಗೀ, ನೇರವಾಗಿ ಹೇಳುತ್ತೇನೆ. ಮಕ್ಕಳನ್ನು ಪ್ರಯೋಗಕ್ಕೆ ಹಚ್ಚಬೇಡ. ನಾನು ಬಂದು 33 ವರ್ಷ. ಆಗ ವಾಟ್ಸಾಪೂ ಇಲ್ಲ, ಹುಣಸೆಹಣ್ಣೂ ಇಲ್ಲ. ಭಾನುವಾರ ಯಾರ ಯಾರದೋ ಮನೆ ಬೇಸ್‌ಮೆಂಟಿನಲ್ಲಿ ಕನ್ನಡ ಕ್ಲಾಸು ನಡೆಸಿ ಬೆಳೆಸಿದೆವು. ನನ್ನ ಮಗಳ ರಂಗಪ್ರವೇಶಕ್ಕೆ 400 ಜನ ಬಂದಿದ್ದರು. ಇವತ್ತಿಗೂ ಅವಳಿಗೆ ಕಡುಬಿಗೆ ಕಾಯಿಹಾಲೇ ಬೇಕು. ಬಿತ್ತಿದ ಅಡಿಕೆ ಸಸಿಯನ್ನು ಬೇರು ಬಿಟ್ಟಿದೆಯಾ ಅಂತ ಕಿತ್ತು ಕಿತ್ತು ನೋಡಿದರೆ ಉಳಿಯುತ್ತಾ? ರಜದಲ್ಲಿ ನೋಡಿದ ಊರು ಬೇರೆ, ಬಾಳುವ ಊರು ಬೇರೆ. ಈಗಿನವರಿಗೆ ಸಣ್ಣ ಬೇಜಾರೂ ತಡೆಯಲ್ಲ.

ಮುಳುಗಡೆ ಮನೆಯವಳು, ಮ್ಯೂನಿಕ್:
ಮಾವ, ಸಸಿ ಕಿತ್ತು ನೆಡುವ ಮಾತು ನಮ್ಮ ಅಜ್ಜನ ಮುಂದೆ ಆಡಬೇಕಿತ್ತು. ಲಿಂಗನಮಕ್ಕಿ ನೀರು ಏರಿದಾಗ ಶರಾವತಿ ಕಣಿವೆಯಿಂದ ಎಬ್ಬಿಸಿದರು. ಅಣೆಕಟ್ಟು ಮುಗಿದದ್ದು 1964. ದೇವರ ಪೆಟ್ಟಿಗೆ, ಎರಡು ಎಮ್ಮೆ, ಆರು ಮಕ್ಕಳು, ಲಾರಿ. ಶೆಟ್ಟಿಹಳ್ಳಿ ಕಾಡಿನ ಅಂಚಲ್ಲಿ ಗುಡಿಸಲು ಹಾಕಿ ಮತ್ತೆ ಶುರು ಮಾಡಿದರು. ಬದುಕಲಿಲ್ವಾ? ನಾನು ಮಾತ್ರ ಯಾರೂ ಎಬ್ಬಿಸದೆ ಎದ್ದು ಬಂದವಳು. ಅಮ್ಮ ಹೋದಾಗ ಫೋನಲ್ಲೇ ನೋಡಿದೆ. ಬೆಂಕಿ ಕೊಡುವಾಗ ನೆಟ್‌ವರ್ಕ್ ಹೋಯಿತು. ಅಷ್ಟೇ ನನ್ನ ಉತ್ತರ.

ತೀರ್ಥಹಳ್ಳಿ ಮಾವ, ನ್ಯೂಜೆರ್ಸಿ:
ನಾನು ಮುಳುಗಡೆಯವರ ವಿಷಯ ಎತ್ತಲೇ ಇಲ್ಲ. ಸುಮ್ನೆ ಭಾವನೆ ಕೆರಳಿಸಬೇಡಿ. ನನ್ನ ತಾಯಿ ತೀರಿಕೊಂಡಾಗ ನನಗೂ ಟಿಕೆಟ್ ಸಿಕ್ಕಿರಲಿಲ್ಲ. ಅದಕ್ಕೆಂದು ಮಕ್ಕಳ ಭವಿಷ್ಯ ಹೊಳೆಗೆ ಹಾಕಲಿಲ್ಲ.

ಸಾಗರದವ, ಸಿಡ್ನಿ:
ಭವಿಷ್ಯ ಅಂದರೆ ಡಾಲರ್ ಒಂದೇನಾ ಮಾವ? ಈಗ ಸೋಗಾನೆಯಲ್ಲಿ ವಿಮಾನ ನಿಲ್ದಾಣವೇ ಇದೆ. 2023ರ ಆಗಸ್ಟಿನಿಂದ ಬೆಂಗಳೂರಿಗೆ ಹಾರಾಟ.

ಹೊಸನಗರದ ಹುಡುಗ, ದುಬೈ:
ಮಳೆಗಾಲದಲ್ಲಿ ನಂಬಿಕೊಳ್ಳಬೇಡಿ ಸಾರ್. ನಮ್ಮ ವಿಮಾನ ಊರ ಮೇಲೆ ಎರಡು ಸುತ್ತು ಹಾಕಿ, ಮೋಡ ಅಂತ ಬೆಂಗಳೂರಿಗೇ ವಾಪಸ್ ಹೋಯಿತು. ಕೊನೆಗೆ ರಾತ್ರಿ ಬಸ್ಸು. ಅಂದಹಾಗೆ ಅಪ್ಪೆಮಿಡಿ ಉಪ್ಪಿನಕಾಯಿ ಚೆಕ್ ಇನ್ ಲಗೇಜಲ್ಲಿ ಬಿಡ್ತಾರಾ?

ತೀರ್ಥಹಳ್ಳಿ ಮಾವ, ನ್ಯೂಜೆರ್ಸಿ:
ಡಾಲರ್ ಬಗ್ಗೆ ಮಾತಾಡುವವರು ಮೊದಲು ಸಿಡ್ನಿ ಮನೆ ಮಾರಿ ಬನ್ನಿ. ಆಮೇಲೆ ಆ ಹುಡುಗಿಗೆ ಬುದ್ಧಿ ಹೇಳಿ.

ಗೋಪಾಳದ ಮಗಳು, ಡಲ್ಲಾಸ್ ಹತ್ತಿರ:
ಎಲ್ಲರಿಗೂ ಥ್ಯಾಂಕ್ಸ್. ದಯವಿಟ್ಟು ನನ್ನಿಂದ ಜಗಳ ಬೇಡ. ವಿನೋಬನಗರದ ಅಕ್ಕ, ಕಾರ್ಡ್ ನೋಡಿದೆ. ಮಗಳದು 2017, ಮಗನದು 2022. ಒಂದೇ ಮನೆಯಲ್ಲಿ ಎರಡು ಲೆಕ್ಕ ಆಯಿತಲ್ಲ. ನಿಮ್ಮ ಮಗಳು ಈಗ ಹೇಗಿದ್ದಾಳೆ? ಅದನ್ನು ಬರೆಯಲೇ ಇಲ್ಲ ನೀವು.

ಸಾಗರದವ, ಸಿಡ್ನಿ:
ವಿನೋಬನಗರದ ಮೇಡಂ, ನಿಮ್ಮ ಬೀದಿಯಲ್ಲಿ ಆ ಒಂಬತ್ತು ಮನೆಯವರಲ್ಲಿ ಯಾರಾದರೂ ಮಾರುವ ಯೋಚನೆಯಲ್ಲಿದ್ದಾರಾ? 30-40 ಅಡಿ ಸೈಟಿನದಾದರೂ ಪರವಾಗಿಲ್ಲ. ಪೂರ್ವ ದಿಕ್ಕಿನದು ಇದ್ದರೆ ತಿಳಿಸಿ.