ಹೊಸಬರಿಗೆ ಬಿಲ್ಲು ಬೇಟೆ ಕಲಿಸುವಾಗ ಮೊದಲ ಸೀಸನ್‌ನಲ್ಲೇ ಬಾಣ ಕೊಡಬೇಕಾ?

ಹಾಸನ್‌ಟುಲ್ಯಾನ್ಸಿಂಗ್ (ಜೂನ್ 8)

ನಮಸ್ಕಾರ. ಊರು ಹಾಸನದ ಕಡೆ, ಈಗ ಇರುವುದು ಮಿಶಿಗನ್‌ನ ಲ್ಯಾನ್ಸಿಂಗ್ ಹತ್ತಿರ. ಎಂಟು ಸೀಸನ್ ಆಯ್ತು, ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋಗುತ್ತಿದ್ದೇನೆ. ನಮ್ಮೂರಲ್ಲಿ ಜಿಂಕೆ ಮುಟ್ಟಿದರೆ ಜೈಲು, ಗೊತ್ತು. ಇಲ್ಲಿ ಸರ್ಕಾರವೇ ಲೈಸೆನ್ಸ್ ಕೊಟ್ಟು ಕಳಿಸುತ್ತದೆ. ಸರಿಯಾ ತಪ್ಪಾ ಅನ್ನುವ ಜಗಳ ಬೇರೆ ಕಡೆ ಆಡೋಣ.

ನನ್ನ ಪ್ರಶ್ನೆ ಕಲಿಸುವುದರ ಬಗ್ಗೆ. ಮೊದಲು ಹೋದ ವರ್ಷ ನಾನು ಮಾಡಿದ ಎಡವಟ್ಟು ಹೇಳಿಬಿಡುತ್ತೇನೆ.

ಆಫೀಸಿನಲ್ಲಿ ನಮ್ಮ ಕಡೆಯ ಹುಡುಗ ಒಬ್ಬನಿದ್ದಾನೆ. ಇಪ್ಪತ್ತೇಳು ವರ್ಷ. ನಾನು ಡಬ್ಬಿಯಲ್ಲಿ ತರುವ ಪೆಪ್ಪರ್ ಫ್ರೈ ತಿಂದು ತಿಂದು ಅವನಿಗೂ ಆಸೆ ಹುಟ್ಟಿತು. ಆಗಸ್ಟ್‌ನಲ್ಲಿ ನನ್ನ ಹಳೇ ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ರಾಟೆ ಇರುವಂಥದ್ದು) ಕೊಟ್ಟೆ. ಹೆದೆ ಎಳೆಯೋಕೆ 60 ಪೌಂಡ್ ಬಲ ಬೇಕಾಗುವ ಹಾಗೆ ಸೆಟ್ ಮಾಡಿದ್ದು. ಪಾಪ, ಬಿಲ್ಲನ್ನು ಆಕಾಶಕ್ಕೆ ಎತ್ತಿ, ಹಲ್ಲು ಕಚ್ಚಿ ಹೆದೆ ಎಳೆದು, ಆಮೇಲೆ ಗುರಿಗೆ ಇಳಿಸುತ್ತಿದ್ದ. "ಅಭ್ಯಾಸ ಆಗುತ್ತೆ ಬಿಡು" ಅಂದೆ. ಮನೆ ಹಿಂದೆ 20 ಗಜದಲ್ಲಿ ಫೋಮ್ ಗುರಿಗೆ ಚೆನ್ನಾಗಿಯೇ ಹೊಡೆಯುತ್ತಿದ್ದ. ನನಗೆ ಅಷ್ಟೇ ಸಾಕಾಯಿತು.

ಇಲ್ಲಿ ಅಪ್ರೆಂಟಿಸ್ ಲೈಸೆನ್ಸ್ ಅಂತ ಇದೆ. ಬೇಟೆಯ ಸುರಕ್ಷತಾ ಕ್ಲಾಸ್ ಮಾಡದೆಯೇ ಎರಡು ವರ್ಷದವರೆಗೆ ತಗೊಳ್ಳಬಹುದು. ಜೊತೆಗೆ 21 ದಾಟಿದ, ಲೈಸೆನ್ಸ್ ಇರುವ ಒಬ್ಬರು ಕೂಗಳತೆ, ಕಣ್ಣಳತೆಯಲ್ಲೇ ಇರಬೇಕು. ಹಾಗಾಗಿ ಅಕ್ಟೋಬರ್ ಎರಡನೇ ವಾರ ಇಬ್ಬರೂ ಒಂದೇ ಗ್ರೌಂಡ್ ಬ್ಲೈಂಡ್‌ನಲ್ಲಿ, ಅಂದರೆ ನೆಲದ ಮೇಲಿನ ಮರೆಗೂಡಿನಲ್ಲಿ, ಕೂತಿದ್ದೆವು. ಸಂಜೆ ಆರೂವರೆಗೆ ಒಂದು ಹೆಣ್ಣು ಜಿಂಕೆ ಬಂತು. ಬಿದ್ದ ಮೇಪಲ್ ಮರದ ಪಕ್ಕ ನಿಂತಿತು. ಅಡ್ಡಕ್ಕೆ ನಿಂತಿರಲಿಲ್ಲ, ಎದೆ ಸ್ವಲ್ಪ ನಮ್ಮ ಕಡೆಗೇ ಇತ್ತು. ದೂರ ಅಳೆಯುವ ರೇಂಜ್‌ಫೈಂಡರ್ ಎತ್ತೋಕೆ ಹೊತ್ತಿಲ್ಲ ಅಂತ ನಾನೇ ಕಣ್ಣಂದಾಜಿನಲ್ಲಿ "28 ಗಜ" ಅಂದೆ. ಅವನು ನನ್ನ ಮುಖ ನೋಡಿದ. "ಬಿಡು" ಅಂದೆ.

ಬಿಟ್ಟ. ಜಿಂಕೆ ಜಿಗಿಯಲಿಲ್ಲ. ಬೆನ್ನು ಗೂನು ಮಾಡಿಕೊಂಡು, ಹೊಟ್ಟೆನೋವು ಬಂದವರ ಹಾಗೆ, ನಿಧಾನವಾಗಿ ನಡೆದುಹೋಯಿತು. ಬಾಣ ಹೊಟ್ಟೆಗೆ ಬಿದ್ದಿದೆ, ಗಂಟೆಗಟ್ಟಲೆ ಕಾಯಬೇಕು ಅಂತ ನನಗೆ ಗೊತ್ತಿತ್ತು. ಆದರೂ ಕತ್ತಲಾಗುತ್ತೆ ಅನ್ನುವ ಗಾಬರಿಗೆ ಇಪ್ಪತ್ತೇ ನಿಮಿಷಕ್ಕೆ ಹುಡುಕೋಕೆ ಎದ್ದೆ. ನೂರು ಗಜದಲ್ಲಿ ಮಲಗಿದ್ದು ನಮ್ಮ ಸದ್ದಿಗೆ ಎದ್ದು ಓಡಿತು. ತೊರೆಯ ಹತ್ತಿರ ರಕ್ತ ನಿಂತಿತು. ಮಾರನೇ ದಿನ ಇಡೀ ಹುಡುಕಿದರೂ ಸಿಗಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ನಲವತ್ತು ನಿಮಿಷ ಅವನು ಒಂದು ಮಾತೂ ಆಡಲಿಲ್ಲ. ಆ ವಾರವೇ ಬಿಲ್ಲು ಒರೆಸಿ, ಚೀಲಕ್ಕೆ ಹಾಕಿ, ತಂದು ಕೊಟ್ಟ. ಈಗಲೂ ಮಧ್ಯಾಹ್ನ ಊಟಕ್ಕೆ ಒಟ್ಟಿಗೆ ಕೂರುತ್ತೇವೆ. ಆ ವಿಷಯ ಮಾತ್ರ ಇಬ್ಬರೂ ಎತ್ತುವುದಿಲ್ಲ.

ಈಗ ನನ್ನ ಹೆಂಡತಿಯ ಚಿಕ್ಕಪ್ಪನ ಮಗಳು ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ ಎಂಎಸ್ ಮಾಡುತ್ತಿದ್ದಾಳೆ. "ಭಾವ, ನನಗೂ ಕಲಿಸಿ" ಅಂತ ಹಿಡಿದು ಕೂತಿದ್ದಾಳೆ. ಸ್ಟೂಡೆಂಟ್ ವೀಸಾ, ಬಂದೂಕು ಅಂದರೆ ತಕರಾರು. ಫೆಡರಲ್ ಕಾನೂನಿನಲ್ಲಿ ಬಿಲ್ಲು ಬಂದೂಕಿನ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಆ ತಲೆನೋವು ಇಲ್ಲ. ಅಕ್ಟೋಬರ್ 1ಕ್ಕೆ ಸೀಸನ್ ಶುರು. ಮೊದಲ ವರ್ಷ ಬಿಲ್ಲು ಕೊಡಲಾ, ಅಥವಾ ಸುಮ್ನೆ ಜೊತೆಗೆ ಕೂರಿಸಿಕೊಳ್ಳಲಾ? ಇನ್ನೊಬ್ಬರನ್ನು ಹಾಳು ಮಾಡೋಕೆ ನನಗೆ ಇಷ್ಟವಿಲ್ಲ.

ಮಡಿಕೇರಿ ಮಾಮ (ಜೂನ್ 8)

ವಿಸ್ಕಾನ್ಸಿನ್‌ನಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಬೇಟೆ ಸುರಕ್ಷತಾ ಕ್ಲಾಸಿನಲ್ಲಿ ಸಂಬಳವಿಲ್ಲದ ಮೇಷ್ಟ್ರು. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡ.

ಆ ಹುಡುಗ ತಪ್ಪು ಮಾಡಿಲ್ಲ ಮಾರಾಯ. ಹೊಡೆದದ್ದು ನೀನು, ಅವನ ಕೈಯಲ್ಲಿ.

ಮೊದಲು ಬಿಲ್ಲಿನ ಮಾತು. ಕಾಂಪೌಂಡ್ ಬಿಲ್ಲು ಅಣ್ಣನ ಅಂಗಿ ತಮ್ಮನಿಗೆ ಹಾಕಿದ ಹಾಗೆ ಕೊಡುವಂಥದ್ದಲ್ಲ. ಡ್ರಾ ಲೆಂಗ್ತ್, ಅಂದರೆ ಹೆದೆ ಎಷ್ಟು ಹಿಂದಕ್ಕೆ ಬರಬೇಕು ಅನ್ನುವುದು, ಅವರವರ ತೋಳಿನ ಅಳತೆ. ಎರಡೂ ಕೈ ಚಾಚಿ ನಿಲ್ಲಿಸಿ, ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಇಂಚಿನಲ್ಲಿ ಅಳೆದು, 2.5ರಿಂದ ಭಾಗಿಸು. ಸುಮಾರಾಗಿ ಸರಿಹೋಗುತ್ತದೆ. ಉಳಿದದ್ದು ಬಿಲ್ಲಿನ ಅಂಗಡಿಯವರು ನೋಡಿಕೊಳ್ಳುತ್ತಾರೆ. ಹುಡುಗಿಯ ಯಾವ ಕಣ್ಣು ಜೋರು ಅಂತಲೂ ಅಲ್ಲೇ ನೋಡಿಸು. ಬಲಗೈಯವರಿಗೂ ಎಡಗಣ್ಣು ಜೋರಿರಬಹುದು.

ಡ್ರಾ ವೇಟ್‌ಗೆ, ಅಂದರೆ ಹೆದೆ ಎಳೆಯುವ ಬಲಕ್ಕೆ, ನನ್ನ ಪರೀಕ್ಷೆ ಒಂದೇ. ಸ್ಟೂಲ್ ಮೇಲೆ ಕೂರಿಸು. ಬಿಲ್ಲು ಗುರಿಯ ಕಡೆಗೇ ಇರಲಿ, ಮೇಲೆತ್ತುವ ಹಾಗಿಲ್ಲ. ಅಲ್ಲಾಡದೆ, ಮುಖ ಕಿವುಚದೆ ಎಳೆದು, ಒಂದು ನಿಮಿಷ ಹಿಡಿದು, ಬಾಣ ಬಿಡದೆ ನಿಧಾನಕ್ಕೆ ಇಳಿಸಬೇಕು. ಬಾಣ ಹಾಕದೆ ಹೆದೆ ಬಿಟ್ಟರೆ ಬಿಲ್ಲೇ ಒಡೆಯುತ್ತದೆ, ಅದನ್ನೂ ಮೊದಲೇ ಹೇಳು. ಈ ಪರೀಕ್ಷೆ ಆಗದಿದ್ದರೆ ಪೌಂಡು ಇಳಿಸು. ನಮ್ಮ ವಿಸ್ಕಾನ್ಸಿನ್‌ನಲ್ಲಿ ಕಾನೂನು ಕೇಳುವುದು 30 ಪೌಂಡ್ ಅಷ್ಟೇ. 40 ಪೌಂಡ್, ಚೂಪಾದ ಬ್ರಾಡ್‌ಹೆಡ್ (ಅಲಗಿರುವ ಬೇಟೆ ಬಾಣದ ಮೊನೆ), 20 ಗಜ. ಎರಡು ಶ್ವಾಸಕೋಶ ದಾಟಿ ಬಾಣ ಆಚೆ ಬರುತ್ತದೆ. 60 ಪೌಂಡ್ ಗಂಡಸರ ಪೌರುಷಕ್ಕೆ, ಜಿಂಕೆಗಲ್ಲ.

ಕ್ಲಾಸ್ ಮಾಡಿಸು. ಅಪ್ರೆಂಟಿಸ್ ಲೈಸೆನ್ಸ್ ಇದ್ದರೂ ಮಾಡಿಸು. ಮರದ ಮೇಲೆ ಕೂರಿಸುವುದಾದರೆ ಹತ್ತುವ ಮೊದಲ ಮೆಟ್ಟಿಲಿನಿಂದ ಇಳಿದು ಕಾಲು ನೆಲಕ್ಕೆ ತಾಗುವ ತನಕ ಹಾರ್ನೆಸ್ (ಮೈಗೆ ಕಟ್ಟುವ ಸುರಕ್ಷತಾ ಪಟ್ಟಿ) ಹಗ್ಗಕ್ಕೆ ಸಿಕ್ಕಿಸಿರಬೇಕು. ಬಿಲ್ಲನ್ನು ಕೈಯಲ್ಲಿ ಹಿಡಿದು ಹತ್ತುವುದಿಲ್ಲ. ಮೇಲೆ ಕೂತು, ಹಗ್ಗ ಬಿಟ್ಟು ಎಳೆದುಕೊಳ್ಳುವುದು. ನಾನು 12 ಅಡಿಯಿಂದ ಬಿದ್ದಿದ್ದೇನೆ. ಬಿದ್ದದ್ದು ಮೇಲಲ್ಲ, ಇಳಿಯುವಾಗ. ಎರಡು ಪಕ್ಕೆಲುಬು. ಕೆಮ್ಮು ಬಂದರೆ ಅಜ್ಜಿ ನೆನಪಾಗುತ್ತಿದ್ದಳು.

ಇನ್ನು ಮುಖ್ಯ ಮಾತು. ಕಲಿಸುವವನು ಬ್ಲೈಂಡ್ ಒಳಗೆ "ಬಿಡು" ಅನ್ನಬಾರದು. ನಿನಗೆ ಅಲ್ಲಿ ಇರುವುದು ಒಂದೇ ಮಾತು: "ಬೇಡ." ಅಡ್ಡ ನಿಂತಿಲ್ಲವಾ, ಬೇಡ. ದೂರವಾ, ಬೇಡ. ಹುಡುಗಿಯ ಕೈ ನಡುಗುತ್ತಿದೆಯಾ, ಬೇಡ. ಇದ್ಯಾವುದೂ ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಕೂರು. ಬಿಡುವುದೋ ಬಿಡದಿರುವುದೋ ಅವಳಿಗೆ ಸೇರಿದ್ದು. ನನ್ನ ತಂದೆ ಹೇಳುತ್ತಿದ್ದರು, ಅವರ ಕಾಲದಲ್ಲಿ ಕೊಡಗಿನಲ್ಲಿ ಹಿರಿಯರು ಹುಡುಗರನ್ನು ಮೊದಲು ಬರೀ ಹಿಂದೆ ನಡೆಸುತ್ತಿದ್ದರಂತೆ. ಕೈಯಲ್ಲಿ ಏನೂ ಇಲ್ಲ. ಎಲೆ ಮೇಲೆ ಸದ್ದಾಗದ ಹಾಗೆ ಕಾಲಿಡುವುದು ಬಂದ ಮೇಲೆ ಮುಂದಿನ ಮಾತು.

ಓಹಾಯೋ ಓಟಗಾರ (ಜೂನ್ 9)

ಇಷ್ಟೊಂದು ತಲೆ ಕೆಡಿಸ್ಕೋಬೇಕಾ? ಕ್ರಾಸ್‌ಬೋ ಕೊಟ್ಟುಬಿಡಿ, ಹೆದೆ ಮೊದಲೇ ಎಳೆದಿಟ್ಟು ಬಂದೂಕಿನ ಹಾಗೆ ಟ್ರಿಗರ್ ಒತ್ತುವಂಥದ್ದು. ಎಳೆಯೋದೂ ಇಲ್ಲ, ನಡುಗೋದೂ ಇಲ್ಲ. ಮೊದಲ ವರ್ಷ ಒಂದು ಜಿಂಕೆ ಬಿದ್ದರೆ ಸಾಕು, ಆಮೇಲೆ ತಾನಾಗೇ ಹುಚ್ಚು ಹಿಡಿಯುತ್ತೆ. ಒಂದೂ ಸಿಗದಿದ್ದರೆ ಯಾರು ವಾಪಸ್ ಬರ್ತಾರೆ?

ಮಡಿಕೇರಿ ಮಾಮ (ಜೂನ್ 9)

ಕ್ರಾಸ್‌ಬೋ ತಪ್ಪೇನಲ್ಲ. ಭುಜ ನೋವಿದ್ದವರಿಗೆ ನಾನೇ ಹೇಳುತ್ತೇನೆ. ಆದರೆ ಹೋದ ವರ್ಷ ಇವರ ಕಥೆಯಲ್ಲಿ ಕೆಟ್ಟದ್ದು ತೋಳಲ್ಲ, ಆತುರ. ಕ್ರಾಸ್‌ಬೋ ಕೊಟ್ಟರೆ ಅದೇ ಆತುರ ಇನ್ನೂ ದೂರಕ್ಕೆ ಹೋಗುತ್ತದೆ.

ಒಂದೂ ಸಿಗದಿದ್ದರೆ ಬರುವುದಿಲ್ಲ ಅಂದೆಯಲ್ಲ. ಮಿಶಿಗನ್‌ನಲ್ಲೇ ಬಿಲ್ಲಿನ ಕಂಪನಿ ಕಟ್ಟಿದ ಫ್ರೆಡ್ ಬೇರ್ 1929ರಲ್ಲಿ ಬಿಲ್ಲು ಬೇಟೆ ಶುರು ಮಾಡಿದರು. ಮೊದಲ ಜಿಂಕೆ ಸಿಕ್ಕಿದ್ದು 1935ರಲ್ಲಿ. ಅಷ್ಟರಲ್ಲಿ ಬಿಲ್ಲಿನ ಅಂಗಡಿಯನ್ನೇ ತೆರೆದಿದ್ದರು! ಅವರಿಗೂ ಒಬ್ಬ ಗುರು ಇದ್ದರು, ಆರ್ಟ್ ಯಂಗ್ ಅಂತ. ಬಿಲ್ಲು ಕೆತ್ತುವುದನ್ನು ಕಲಿಸಿಕೊಟ್ಟವರು.

ಉಪ್ಸಾರು (ಜೂನ್ 10)

ಪೆನ್ಸಿಲ್ವೇನಿಯಾದಿಂದ. ಮಂಡ್ಯದವಳು. ನಾನು ಕಲಿತದ್ದು 34ನೇ ವಯಸ್ಸಿನಲ್ಲಿ, ಪಕ್ಕದ ಮನೆಯ ಎಪ್ಪತ್ತರ ಅಜ್ಜಿಯಿಂದ. ಕಲಿತವರ ಕಡೆಯಿಂದ ಎರಡು ಮಾತು ಹೇಳುತ್ತೇನೆ.

ಅಣ್ಣ, ಬಿಲ್ಲು ಕೊಡಲಾ ಬೇಡವಾ ಅಂತ ನಮ್ಮನ್ನೆಲ್ಲ ಕೇಳುತ್ತಿದ್ದೀರಿ. ಅವಳನ್ನು ಕೇಳಿದ್ದೀರಾ?

ನನ್ನ ಅಜ್ಜಿ ಮೊದಲ ಸೀಸನ್ ನನ್ನ ಕೈಗೆ ಕೊಟ್ಟದ್ದು ಚಾಕು. ಅವರು ಹೊಡೆದರು, ನಾನು ಸೀಳಿದೆ. ಹಿಮ ಬಿದ್ದ ಬೆಳಗ್ಗೆ. ಹೊಟ್ಟೆ ತೆರೆದ ತಕ್ಷಣ ಇಡ್ಲಿ ಪಾತ್ರೆ ಮುಚ್ಚಳ ತೆಗೆದ ಹಾಗೆ ಹಬೆ ಎದ್ದಿತು. ಮೊಣಕೈವರೆಗೆ ಕೈ ಒಳಗೆ. ಹೊರಗೆ ಬೆರಳು ಮರಗಟ್ಟುವ ಚಳಿ, ಒಳಗೆ ಬಿಸಿ. ಅಜ್ಜಿ ಶ್ವಾಸಕೋಶ ತೆಗೆದು ನನ್ನ ಅಂಗೈ ಮೇಲಿಟ್ಟರು. ಗುಲಾಬಿ ಬಣ್ಣ, ಸ್ಪಂಜಿನ ಹಾಗೆ ಹಗುರ. "ಇಷ್ಟೇ ಜಾಗ. ಬಾಣ ಬೀಳಬೇಕಾದದ್ದು ಇಲ್ಲಿಗೆ" ಅಂದರು. ಯಾವ ಚಿತ್ರ ನೋಡಿದರೂ ನನಗೆ ಅದು ಅರ್ಥವಾಗುತ್ತಿರಲಿಲ್ಲ. ಅಳು ಬಂತು. ಅಜ್ಜಿ ಏನೂ ಹೇಳಲಿಲ್ಲ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟರು.

ರಕ್ತ ಓದುವುದೂ ಆ ವರ್ಷವೇ ಬಂತು. ಗುಳ್ಳೆ ಗುಳ್ಳೆಯಾಗಿ ತಿಳಿ ಗುಲಾಬಿ ಇದ್ದರೆ ಶ್ವಾಸಕೋಶ, ಅರ್ಧ ಗಂಟೆ ಕಾದು ಹೋಗಬಹುದು. ಕಪ್ಪುಗೆಂಪು ಇದ್ದರೆ ಪಿತ್ತಜನಕಾಂಗ, ನಾಲ್ಕು ಗಂಟೆಯಾದರೂ ಬಿಡಿ. ಬಾಣಕ್ಕೆ ಹಸಿರು ಹತ್ತಿ ನಾತ ಬಂದರೆ ಹೊಟ್ಟೆ. 8ರಿಂದ 12 ಗಂಟೆ ಆ ಕಡೆ ತಲೆ ಹಾಕಬೇಡಿ. ಅಟ್ಟಿಸಿಕೊಂಡು ಹೋಗದಿದ್ದರೆ ಹೆಚ್ಚಾಗಿ ಹತ್ತಿರದಲ್ಲೇ ಮಲಗುತ್ತದೆ. ನಿಮ್ಮ ಮಿಶಿಗನ್‌ನಲ್ಲಿ ಹಗ್ಗ ಕಟ್ಟಿದ ನಾಯಿಯಿಂದ ಹುಡುಕಿಸಬಹುದು. ಅಂಥವರ ಫೋನ್ ನಂಬರ್ ಸೀಸನ್ ಮುಂಚೆಯೇ ಇಟ್ಟುಕೊಳ್ಳಿ.

ಎರಡನೇ ಸೀಸನ್ ಬಿಲ್ಲು ಬಂತು. ಕೂತ ತಕ್ಷಣ ಅಜ್ಜಿ ರೇಂಜ್‌ಫೈಂಡರ್ ನನಗೆ ಕೊಡುತ್ತಿದ್ದರು. "ಆ ಬಂಡೆ ಎಷ್ಟು? ಆ ಓಕ್ ಎಷ್ಟು?" ನಾನು ಹೇಳಬೇಕು, ಅವರು ತಲೆ ಆಡಿಸಬೇಕು. ಅವರಾಗಿ ಒಂದು ದಿನವೂ ದೂರ ಹೇಳಲಿಲ್ಲ.

ಇನ್ನು ಯಾರೂ ಹೇಳದ ವಿಷಯ. ಗಂಡಸರ ಅಳತೆಯ ಜಾಕೆಟ್ ಕೊಡಬೇಡಿ, ದೊಗಳೆ ತೋಳು ಹೆದೆಗೆ ಸಿಕ್ಕಿಕೊಳ್ಳುತ್ತದೆ. ನಾಲ್ಕು ಗಂಟೆ ಕೂತರೆ ಒಂದಕ್ಕೆ ಹೋಗಬೇಕಾಗುತ್ತದೆ. ಅದನ್ನು ಹೇಗೆ ಕೇಳೋದು ಅಂತ ನಾನು ಮೊದಲ ದಿನ ನೀರೇ ಕುಡಿಯಲಿಲ್ಲ. ನೀವೇ ಮೊದಲು ಹೇಳಿಬಿಡಿ, ಅಥವಾ ಅಕ್ಕನ ಕೈಯಲ್ಲಿ ಹೇಳಿಸಿ.

ಮತ್ತೆ ಸಿಡಬ್ಲ್ಯುಡಿ (ಜಿಂಕೆಗಳ ಮಿದುಳಿಗೆ ಬರುವ ಮಾರಕ ರೋಗ) ಪರೀಕ್ಷೆ. ಮಿಶಿಗನ್‌ನ ಕಾಡುಜಿಂಕೆಯಲ್ಲಿ ಆ ರೋಗ ಮೊದಲು ಸಿಕ್ಕಿದ್ದು ನಿಮ್ಮ ಇಂಗಮ್ ಕೌಂಟಿಯಲ್ಲೇ, 2015ರಲ್ಲಿ. ತಲೆ ಪರೀಕ್ಷೆಗೆ ಕೊಟ್ಟು, ರಿಸಲ್ಟ್ ಬರುವವರೆಗೆ ಮಾಂಸ ಫ್ರೀಜರ್‌ನಲ್ಲಿರಲಿ. ಬೆನ್ನುಹುರಿ ಕಡಿಯಬೇಡಿ, ಮೂಳೆಯಿಂದ ಮಾಂಸ ಬಿಡಿಸಿಕೊಳ್ಳಿ. ಇದೂ ಕಲಿಸುವುದರಲ್ಲಿ ಸೇರಿದ್ದು.

ಕೊನೆಗೆ ಒಂದು. ಆ ಹುಡುಗನ ಹತ್ತಿರ ತಪ್ಪು ನನ್ನದು ಅಂತ ಹೇಳಿದ್ದೀರಾ? ಇಲ್ಲಿ ನಮಗೆ ಹೇಳಿದಿರಿ ಅಷ್ಟೇ ಅನಿಸುತ್ತದೆ.

ಹಾಸನ್‌ಟುಲ್ಯಾನ್ಸಿಂಗ್ (ಜೂನ್ 21)

ಎಲ್ಲರಿಗೂ ಥ್ಯಾಂಕ್ಸ್. ಮಾಮ, ಬೈದಿದ್ದಕ್ಕೂ.

ಭಾನುವಾರ ಅವಳು ಬಂದಿದ್ದಳು. ಅಂಗಡಿಗೆ ಕರೆದುಕೊಂಡು ಹೋದೆ. ಎರಡೂ ಕೈ ಚಾಚಿದಾಗ 65 ಇಂಚು, ಅಂದರೆ 26 ಇಂಚು ಡ್ರಾ. ಸ್ಟೂಲ್ ಪರೀಕ್ಷೆಯಲ್ಲಿ 45 ಪೌಂಡಿಗೆ ಬಿಲ್ಲು ಮೇಲೆದ್ದಿತು. 38ಕ್ಕೆ ಕಲ್ಲಿನ ಹಾಗೆ ಕೂತಿತ್ತು. ಈ ವರ್ಷ ಏನು ಮಾಡುತ್ತೀಯಾ ಅಂತ ಅವಳನ್ನೇ ಕೇಳಿದೆ. "ಅಕ್ಟೋಬರ್ ಪೂರ್ತಿ ಸುಮ್ನೆ ನೋಡ್ತೀನಿ ಭಾವ, ನವೆಂಬರ್ ಬಂದಾಗ ಹೇಳ್ತೀನಿ" ಅಂದಳು. ಆಯ್ತು. ಸುರಕ್ಷತಾ ಕ್ಲಾಸಿಗೆ ಹೆಸರು ಕೊಟ್ಟಾಯಿತು. ಉಪ್ಸಾರು ಅವರ ಒಂದಕ್ಕೆ ಹೋಗುವ ವಿಷಯವನ್ನು ಹೆಂಡತಿಗೆ ವಹಿಸಿದ್ದೇನೆ.

ಆಫೀಸಿನ ಹುಡುಗನಿಗೆ ಎದುರಿಗೆ ಹೇಳೋಕೆ ಧೈರ್ಯ ಬರಲಿಲ್ಲ. ಮೆಸೇಜ್ ಹಾಕಿದೆ. ಬಿಲ್ಲು ನಿನ್ನ ಅಳತೆಯದ್ದಾಗಿರಲಿಲ್ಲ, ಜಿಂಕೆ ನಿಂತ ರೀತಿ ಸರಿ ಇರಲಿಲ್ಲ, ನಾನು ಬಿಡು ಅನ್ನಬಾರದಿತ್ತು, ಕಾಯಬೇಕಿತ್ತು ಅಂತ ಎಲ್ಲ ಬರೆದೆ. ಎರಡು ದಿನ ಉತ್ತರವಿಲ್ಲ. ನಿನ್ನೆ ರಾತ್ರಿ ಬಂತು:

"ಅಣ್ಣ, ಅದು 28 ಗಜ ಆಗಿರಲಿಲ್ಲ. 36. ಕೂತ ತಕ್ಷಣವೇ ಆ ಬಿದ್ದ ಮರ ಎಷ್ಟು ದೂರ ಅಂತ ನೋಡಿಟ್ಟುಕೊಂಡಿದ್ದೆ. ನೀವು 28 ಅಂದ್ರಿ ಅಂತ ಸುಮ್ಮನಾದೆ."