ಕ್ರೋಮ್‌ನಲ್ಲಿ ವಾಟ್ಸಾಪ್ ವಿಂಡೋ ಒಂದನ್ನೇ ಬೇರೆ ಸ್ಕ್ರೀನ್‌ಗೆ ಕಳಿಸೋದು ಹೇಗೆ? ಮಾನ ಹೋಗ್ತಿದೆ

ಗಣಿತದ ಮೇಡಂ:
ಎಲ್ಲರಿಗೂ ನಮಸ್ಕಾರ. ಬಸವೇಶ್ವರನಗರದಲ್ಲಿ ಮನೇಲೇ ಕೂತು ಪಿಯುಸಿ ಮಕ್ಕಳಿಗೆ ಆನ್‌ಲೈನ್ ಮ್ಯಾಥ್ಸ್ ಟ್ಯೂಷನ್ ತಗೋತೀನಿ. 2025 ಅಕ್ಟೋಬರ್ 14ಕ್ಕೆ ವಿಂಡೋಸ್ 10ಗೆ ಸಪೋರ್ಟ್ ನಿಂತೋಯ್ತಲ್ಲ, ನನ್ನ ಹಳೇ ಲ್ಯಾಪ್‌ಟಾಪ್‌ಗೆ 11 ಹತ್ತಲ್ಲ ಅಂತು, ತಮ್ಮ ಬಂದು ಕುಬುಂಟು 24.04 ಅನ್ನೋ ಲಿನಕ್ಸ್ ಹಾಕ್ಕೊಟ್ಟು ಹೋದ. ಎಸ್‌ಪಿ ರೋಡಿಂದ ಸೆಕೆಂಡ್ ಹ್ಯಾಂಡ್ ಮಾನಿಟರ್ ಒಂದು ತಂದು ಪಕ್ಕಕ್ಕಿಟ್ಕೊಂಡಿದೀನಿ. ಮಾನಿಟರ್ ಪೂರ್ತಿ ಮಕ್ಕಳಿಗೆ ಶೇರ್, ಲ್ಯಾಪ್‌ಟಾಪ್ ಸ್ಕ್ರೀನ್ ನಂಗೆ.

ಮೊನ್ನೆ ಇಂಟಿಗ್ರೇಶನ್ ಹೇಳ್ಕೊಡ್ತಾ ಇದ್ದಾಗ ವಾಟ್ಸಾಪ್ ತೆಗೆದ್ರೆ ಅದು ಸೀದಾ ಮಾನಿಟರ್ ಮೇಲೇ ತೆರ್ಕೊಳ್ತು. ಅಕ್ಕನ ಮೆಸೇಜು, "ಭಾನುವಾರ ಹುಡುಗನ ಕಡೆಯೋರು ಬರ್ತಾರಂತೆ, ಹಸಿರು ರೇಷ್ಮೆ ಸೀರೆ ಇಸ್ತ್ರಿ ಮಾಡಿಸ್ಕೋ". ಆಮೇಲೆ ಚಾಟ್‌ನಲ್ಲಿ ಒಬ್ಬ "ಮೇಡಂ ಊಟ ಯಾವಾಗ" ಅಂತ ಹಾಕಿದ.

ಸೆಟ್ಟಿಂಗ್ಸ್‌ನಲ್ಲಿ ಯಾವ ವಿಂಡೋ ಎಲ್ಲಿ ತೆರ್ಕೊಳ್ಬೇಕು ಅಂತ ಹೇಳೋಕೆ ವಿಂಡೋ ರೂಲ್ಸ್ ಅಂತ ಇದೆ, ಅಲ್ಲಿ ವಿಂಡೋ ಕ್ಲಾಸ್ (ವಿಂಡೋ ಯಾವ ಪ್ರೋಗ್ರಾಂದು ಅನ್ನೋ ಗುರುತು) ಗೂಗಲ್ ಕ್ರೋಮ್ ಅಂತ ಕೊಟ್ಟು ಲ್ಯಾಪ್‌ಟಾಪ್ ಸ್ಕ್ರೀನ್‌ಗೆ ಫೋರ್ಸ್ ಮಾಡಿದೆ. ಈಗ ಕ್ರೋಮ್‌ನ ಎಲ್ಲಾ ವಿಂಡೋನೂ ಅಲ್ಲಿಗೇ ಓಡುತ್ತೆ, ಗ್ರಾಫ್ ಬಿಡಿಸೋ ಜಿಯೋಜೀಬ್ರಾನೂ ಸೇರಿ, ಫೈಲ್ ಓಪನ್ ಮಾಡೋ ಡಬ್ಬಿ ಕೂಡ ಹಿಂದೇನೇ ಹೋಗುತ್ತೆ. ಇನ್ನೊಂದು, ಸ್ಲೈಡ್ ಮಾಡೋ ಇಂಪ್ರೆಸ್‌ನಲ್ಲಿ "ಮ್ಯಾಥ್ಸ್‌ ನೋಟ್ಸ್‌" ಅನ್ನೋ ಫೈಲ್ ಮಾತ್ರ ಮಾನಿಟರ್‌ಗೆ ಹೋಗ್ಲಿ ಅಂತ ಟೈಟಲ್ ಮೇಲೆ ರೂಲ್ ಬರೆದೆ, ಅದು ಕೆಲಸಾನೇ ಮಾಡ್ತಿಲ್ಲ. ಫೈಲ್ ಹೆಸರನ್ನೇ ಕಾಪಿ ಹೊಡೆದು ಪೇಸ್ಟ್ ಮಾಡಿದೀನಿ, ಅಕ್ಷರ ತಪ್ಪಿರೋ ಚಾನ್ಸೇ ಇಲ್ಲ. ಯಾರಾದ್ರೂ ಸಹಾಯ ಮಾಡಿ ಪ್ಲೀಸ್.

ಬೈಟೂ ಕಾಫಿ:
ಮೊದ್ಲು ಸೀರೆ ಇಸ್ತ್ರಿ ಆಯ್ತಾ ಹೇಳಿ ಮೇಡಂ 😄 ತಮಾಷೆಗಂದೆ. ಇಷ್ಟೆಲ್ಲಾ ಯಾಕೆ, ಮೀಟ್‌ನಲ್ಲಿ ಪೂರ್ತಿ ಸ್ಕ್ರೀನ್ ಬದ್ಲು ಒಂದು ವಿಂಡೋ ಮಾತ್ರ ಶೇರ್ ಮಾಡಿ, ಮುಗೀತು.

ಗಣಿತದ ಮೇಡಂ:
ಅದನ್ನೂ ಮಾಡಿ ನೋಡ್ದೆ. ಸ್ಲೈಡಿಂದ ಜಿಯೋಜೀಬ್ರಾಗೆ, ಅಲ್ಲಿಂದ ಮತ್ತೆ ಸ್ಲೈಡಿಗೆ ಹಾರ್ತಾನೇ ಇರ್ತೀನಿ, ಪ್ರತೀ ಸಲ ಶೇರ್ ನಿಲ್ಸಿ ಮತ್ತೆ ಶುರು ಮಾಡೋಷ್ಟ್ರಲ್ಲಿ ಅರ್ಧ ಮಕ್ಕಳು ಇನ್‌ಸ್ಟಾಗೆ ಹೋಗಿರ್ತಾರೆ.

ಸಿಲ್ಕ್‌ಬೋರ್ಡ್ ಸಂತ್ರಸ್ತ:
ಟೈಟಲ್‌ನಲ್ಲಿ ವಾಟ್ಸಾಪ್ ಅಂತ ಇದ್ರೆ ಲ್ಯಾಪ್‌ಟಾಪ್‌ಗೆ ಕಳ್ಸು ಅಂತ ಹಾಕಿ, ಸಿಂಪಲ್.

ಟಕ್ಸಪ್ಪ:
@ಸಂತ್ರಸ್ತ ಗುರು, ಸಿಂಪಲ್ ಅನ್ಸುತ್ತೆ, ಆದ್ರೆ ಕ್ರೋಮ್ ವಿಷಯದಲ್ಲಿ ಟೈಟಲ್ ನಂಬಿ ಕೆಟ್ಟೋರಲ್ಲಿ ನಾನೂ ಒಬ್ಬ. ಟ್ಯಾಬ್ ಬದಲಾದ ಹಾಗೆಲ್ಲ ಟೈಟಲ್ ಬದಲಾಗುತ್ತೆ. ಓದದೇ ಇರೋ ಮೆಸೇಜ್ ಇದ್ರೆ ಮುಂದುಗಡೆ ಬ್ರಾಕೆಟ್‌ನಲ್ಲಿ ನಂಬರ್ ಬಂದು ಕೂರುತ್ತೆ, ಎಕ್ಸಾಕ್ಟ್ ಮ್ಯಾಚ್ ಕೊಟ್ಟಿದ್ರೆ ಅಲ್ಲಿಗೆ ಕತೆ ಮುಗೀತು. ಸಬ್‌ಸ್ಟ್ರಿಂಗ್, ಅಂದ್ರೆ ಟೈಟಲ್ಲಿನ ಒಂದು ತುಂಡು ಸಿಕ್ರೆ ಸಾಕು ಅಂತ ಕೊಟ್ರೂ, ವಿಂಡೋ ತೆರ್ಕೊಂಡಾಗ ಪೇಜ್ ಇನ್ನೂ ಲೋಡ್ ಆಗಿರಲ್ಲ, ಟೈಟಲ್ ಆಮೇಲೆ ಬರುತ್ತೆ, ಅಪ್ಲೈ ಇನಿಶಿಯಲಿ (ತೆರ್ಕೊಂಡಾಗ ಒಂದ್ಸಲ ಮಾತ್ರ) ಅಂತ ಇಟ್ಟಿದ್ರೆ ಅಷ್ಟೊತ್ತಿಗೆ ಬಸ್ಸು ಹೋಗಿರುತ್ತೆ.

ಮೇಡಂ, ನೀವು ಹೀಗೆ ಮಾಡಿ. ಮೊದ್ಲು ಹಳೇ ಕ್ರೋಮ್ ರೂಲ್ ಅಳಿಸಿ. ಕ್ರೋಮ್‌ನಲ್ಲಿ ವಾಟ್ಸಾಪ್ ವೆಬ್ ತೆಗೆದು ಮೂರು ಚುಕ್ಕಿ ಮೆನುವಿಂದ ಅದನ್ನ ಆ್ಯಪ್ ಆಗಿ ಇನ್‌ಸ್ಟಾಲ್ ಮಾಡ್ಕೊಳ್ಳಿ, ಆಗ ಅದು ಟ್ಯಾಬ್ ಇಲ್ಲದೆ ತನ್ನದೇ ವಿಂಡೋದಲ್ಲಿ ತೆರ್ಕೊಳ್ಳುತ್ತೆ. ಆ ವಿಂಡೋ ಟೈಟಲ್‌ಬಾರ್ ಮೇಲೆ ರೈಟ್ ಕ್ಲಿಕ್ ಮಾಡಿ, ಟೈಟಲ್‌ಬಾರ್ ಕಾಣ್ದೇ ಇದ್ರೆ ಆಲ್ಟ್ ಎಫ್3 ಒತ್ತಿ, ಮೋರ್ ಆ್ಯಕ್ಷನ್ಸ್ ಒಳಗೆ ಸ್ಪೆಷಲ್ ವಿಂಡೋ ಸೆಟ್ಟಿಂಗ್ಸ್ ಅಂತಿದೆ. ಅಥವಾ ರೂಲ್ಸ್ ಪೇಜಲ್ಲೇ ಡಿಟೆಕ್ಟ್ ವಿಂಡೋ ಪ್ರಾಪರ್ಟೀಸ್ ಒತ್ತಿ, ಕರ್ಸರ್ ಪ್ಲಸ್ ಥರ ಆಗುತ್ತೆ, ಹೋಗಿ ವಾಟ್ಸಾಪ್ ಮೇಲೆ ಕ್ಲಿಕ್ ಮಾಡಿ.

ಈಗ ಮುಖ್ಯವಾದದ್ದು. ನಿಮ್ದು 24.04, ಅಂದ್ರೆ ಅದರ ಡೆಸ್ಕ್‌ಟಾಪ್ ಪ್ಲಾಸ್ಮಾ 5.27, ಏನೂ ಬದಲಾಯಿಸಿಲ್ಲ ಅಂದ್ರೆ ವಿಂಡೋಗಳನ್ನ ಸ್ಕ್ರೀನ್ ಮೇಲೆ ತೋರ್ಸೋ ಹಳೇ ವ್ಯವಸ್ಥೆ ಎಕ್ಸ್11 ಮೇಲೆ ಓಡ್ತಿದೆ. ಅಲ್ಲಿ ಪ್ರತೀ ವಿಂಡೋಗೂ ಕ್ಲಾಸ್ ಅಂದ್ರೆ ಎರಡು ಹೆಸರು, ನಮ್ಮ ಹೆಸರು ಮತ್ತೆ ಇನಿಶಿಯಲ್ ಇದ್ದಂಗೆ. ಇನ್‌ಸ್ಟಾಲ್ ಮಾಡಿದ ಆ್ಯಪ್‌ಗೆ ಮೊದಲನೇ ಹೆಸರು ಸಿಆರ್‌ಎಕ್ಸ್ ಅಂತ ಶುರುವಾಗಿ ಉದ್ದಕ್ಕೆ ಏನೇನೋ ಅಕ್ಷರ, ಎರಡನೇದು ಗೂಗಲ್ ಕ್ರೋಮ್. ಎರಡನೇದು ಕ್ರೋಮ್‌ನ ಎಲ್ಲಾ ವಿಂಡೋಗೂ ಒಂದೇ, ನಿಮ್ಮ ರೂಲ್ ಎಲ್ರನ್ನೂ ಎಳ್ಕೊಂಡು ಹೋಗಿದ್ದು ಅದಕ್ಕೇ. "ಮ್ಯಾಚ್ ಹೋಲ್ ವಿಂಡೋ ಕ್ಲಾಸ್" ಅನ್ನೋದನ್ನ ಯೆಸ್ ಮಾಡಿ, ಆಗ ಎರಡೂ ಹೆಸರು ಸೇರಿಸಿ ನೋಡುತ್ತೆ, ವಾಟ್ಸಾಪ್ ಒಂದೇ ಸಿಗುತ್ತೆ. ವಿಂಡೋ ಟೈಪ್ಸ್‌ನಲ್ಲಿ ನಾರ್ಮಲ್ ವಿಂಡೋ ಒಂದನ್ನೇ ಬಿಡಿ, ಆಲ್ ಅಂತಿದ್ರೆ ಡಯಲಾಗ್ ಡಬ್ಬಿಗಳೂ ಸೇರ್ಕೊಳ್ತವೆ. ಆಮೇಲೆ ಆ್ಯಡ್ ಪ್ರಾಪರ್ಟಿ, ಸ್ಕ್ರೀನ್, ಫೋರ್ಸ್. ಫೋರ್ಸ್ ಕೊಟ್ರೆ ನೀವೇ ಎಳೆದ್ರೂ ಆಚೆ ಸ್ಕ್ರೀನ್‌ಗೆ ಹೋಗಲ್ಲ, ನಿಮ್ಮ ಕೇಸಲ್ಲಿ ಅದೇ ಒಳ್ಳೇದು ಬಿಡಿ.

ಎಕ್ಸ್11 ಬದ್ಲಿಗೆ ಬಂದಿರೋ ವೇಲ್ಯಾಂಡ್‌ಗೆ ಹೋದ ದಿನ ಈ ರೂಲ್ ಸುಮ್ನಾದ್ರೆ ಗಾಬರಿಯಾಗ್ಬೇಡಿ, ಅಲ್ಲಿ ಎರಡು ಹೆಸರಿಲ್ಲ, ಆ್ಯಪ್ ಐಡಿ ಅಂತ ಒಂದೇ. ಇನ್ನೊಂದ್ಸಲ ಡಿಟೆಕ್ಟ್ ಮಾಡಿದ್ರಾಯ್ತು.

ಒತ್ತಕ್ಷರ:
ಎರಡನೇ ಪ್ರಶ್ನೆಗೆ ನಾನು ಹೇಳ್ತೀನಿ, ಇದೇ ವಿಷಯಕ್ಕೆ ಒಂದು ಶನಿವಾರ ಪೂರ್ತಿ ಹಾಳು ಮಾಡ್ಕೊಂಡಿದೀನಿ. ಆ ಫೈಲ್ ಹೆಸರು ಫೋನಲ್ಲಿ ಟೈಪ್ ಮಾಡಿದ್ದಾ? ಕೆಲವು ಕೀಬೋರ್ಡು "ಮ್ಯಾಥ್ಸ್" ಥರ ಅರ್ಧಾಕ್ಷರದಲ್ಲಿ ಮುಗಿಯೋ ಪದದ ಕೊನೇಲಿ ಕಣ್ಣಿಗೆ ಕಾಣದ ಅಕ್ಷರ ಒಂದನ್ನ ಸೇರಿಸುತ್ವೆ, ಯೂನಿಕೋಡ್‌ನಲ್ಲಿ ಅದರ ನಂಬರ್ 200ಸಿ. ಸಾಫ್ಟ್‌ವೇರ್ ಅನ್ನೋವಾಗ ಟಗೆ ವ ಒತ್ತಾಗಿ ಅಂಟದೇ ಇರೋ ಹಾಗೆ ನೋಡ್ಕೊಳ್ಳೋದು ಇದೇ. ಪದದ ಕೊನೇಲಿ ಇದ್ರೆ ಏನೂ ಕಾಣ್ಸಲ್ಲ, ಹೆಸರನ್ನ ಕಾಪಿ ಹೊಡೆದ್ರೆ ಅದೂ ಜೊತೇಲೇ ಬರುತ್ತೆ. ಆದ್ರೆ ರೂಲ್‌ನಲ್ಲಿದ್ದು ಟೈಟಲ್‌ನಲ್ಲಿ ಇಲ್ದೇ ಇದ್ರೆ, ಇಲ್ಲಾ ಉಲ್ಟಾ ಆದ್ರೆ, ಕಂಪ್ಯೂಟರ್ ಪಾಲಿಗೆ ಅವು ಬೇರೆ ಬೇರೆ ಪದ. ರೂಲ್‌ನ ಟೈಟಲ್ ಬಾಕ್ಸಲ್ಲಿ "ಮ್ಯಾಥ್ಸ್" ಪಕ್ಕ ಕರ್ಸರ್ ಇಟ್ಟು ಒಂದೇ ಒಂದ್ಸಲ ಬ್ಯಾಕ್‌ಸ್ಪೇಸ್ ಒತ್ತಿ, ಏನೂ ಅಳಿಸಿದ ಹಾಗೆ ಕಾಣ್ಲಿಲ್ಲ ಅಂದ್ರೆ ಕಳ್ಳ ಅಲ್ಲೇ ಇದ್ದ ಅಂತ.

ಸುಲಭದ ದಾರಿ, ಫೈಲಿಗೆ "ಗಣಿತ ಪಾಠ" ಅಂತ ಹೆಸರಿಡಿ, ಅದರಲ್ಲಿ ಅರ್ಧಾಕ್ಷರಾನೇ ಇಲ್ಲ. ಕ್ಲಾಸ್‌ಗೆ ಇಂಪ್ರೆಸ್, ಟೈಟಲ್‌ಗೆ ಸಬ್‌ಸ್ಟ್ರಿಂಗ್ "ಗಣಿತ", ಸಾಕು.

ಗಣಿತದ ಮೇಡಂ:
ಅಯ್ಯೋ ದೇವ್ರೇ, ಬ್ಯಾಕ್‌ಸ್ಪೇಸ್ ಒತ್ತಿದೆ, ಏನೂ ಅಳಿಸ್ಲೇ ಇಲ್ಲ! ಇನ್ನೊಂದ್ಸಲ ಒತ್ತಿದ್ಮೇಲೆ ಅರ್ಧಾಕ್ಷರ ಪೂರ್ತಿ ಸ ಆಯ್ತು. ಹೆಸರು ಬದಲಾಯಿಸಿದೆ, ಫೈಲು ಸೀದಾ ಮಾನಿಟರ್‌ಗೆ ಹೋಗಿ ಕೂತ್ಕೊಳ್ತು. ವಾಟ್ಸಾಪೂ ಸರಿಹೋಯ್ತು, ಹೋಲ್ ಕ್ಲಾಸ್ ಯೆಸ್ ಮಾಡೋಕೆ ಮೊದಲು ಮರೆತು ಮತ್ತೆ ಎಲ್ಲಾ ವಿಂಡೋ ಓಡಿಹೋಗಿದ್ವು, ಆಮೇಲೆ ನೋಡ್ಕೊಂಡೆ. ಆದ್ರೆ ಮೆಸೇಜ್ ಬಂದಾಗ ಮೂಲೇಲಿ ಪಾಪಪ್ ಬರುತ್ತಲ್ಲ, ಅದಕ್ಕೂ ರೂಲ್ ಇದ್ಯಾ?

ಟಕ್ಸಪ್ಪ:
ಅದು ವಾಟ್ಸಾಪ್ ವಿಂಡೋ ಅಲ್ಲ ಮೇಡಂ, ಪ್ಲಾಸ್ಮಾ ತೋರ್ಸೋ ನೋಟಿಫಿಕೇಶನ್ನು, ಈ ರೂಲ್‌ಗೆ ಬಗ್ಗಲ್ಲ. ಕ್ಲಾಸ್ ಶುರುವಾಗೋ ಮುಂಚೆ ಕೆಳಗಡೆ ಗಂಟೆ ಐಕಾನ್ ಒತ್ತಿ ಡು ನಾಟ್ ಡಿಸ್ಟರ್ಬ್ ಹಾಕ್ಕೊಳ್ಳಿ.

ಬೈಟೂ ಕಾಫಿ:
ಭಾನುವಾರ ಏನಾಯ್ತು ಅಂತ ಇದೇ ಥ್ರೆಡ್‌ನಲ್ಲಿ ಅಪ್‌ಡೇಟ್ ಹಾಕಿ ಮೇಡಂ.