ಅಪ್‌ಡೇಟ್: ಲ್ಯಾಟಿನ್‌ಗೆ ಕೊನೆಗೂ ಪುಸ್ತಕ ಆರಿಸಿದೆವು

ಚಿಕ್ಕಮಗಳೂರಲ್ಲಿ ಮನೆಯಲ್ಲೇ ಓದುವ ನನ್ನ ಮಕ್ಕಳಿಗೆ ಲ್ಯಾಟಿನ್ ಕಲಿಸಬೇಕು, ನನಗೇ ಬರಲ್ಲ, ಯಾವ ಪುಸ್ತಕ ಒಳ್ಳೆಯದು ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಚಿಕ್ಕವಳಿಗೆ 'ಮಿನಿಮಸ್' ತಂದೆವು. ಬ್ರಿಟನ್ನಿನ ವಿಂಡೊಲಾಂಡ ಕೋಟೆಯ ರೋಮನ್ ಕುಟುಂಬ, ಜೊತೆಗೊಂದು ಇಲಿ. ಚಿತ್ರ ಜಾಸ್ತಿ, ವ್ಯಾಕರಣ ಕಡಿಮೆ. ಅವಳಿಗೆ ಅಷ್ಟು ಸಾಕು.

ಮಗನಿಗೂ ನನಗೂ ಓರ್ಬರ್ಗ್ ಅವರ 'ಫಮಿಲಿಯಾ ರೊಮಾನಾ'. 35 ಅಧ್ಯಾಯ, ಕಥೆಯಿಂದ ವ್ಯಾಕರಣದವರೆಗೆ ಎಲ್ಲವೂ ಲ್ಯಾಟಿನ್‌ನಲ್ಲೇ. ಹೊಸ ಪದದ ಅರ್ಥ ಪಕ್ಕದ ಚಿತ್ರದಿಂದ, ವಾಕ್ಯದಿಂದಲೇ ಹೊಳೆಯುತ್ತದೆ. ತುಂಬಾ ಇಷ್ಟವಾಯಿತು. ಆದರೆ ಹೊಸದಾಗಿ ಕಲಿಯುತ್ತಾ ಕಲಿಸುವವರಿಗೆ ಇದೊಂದೇ ಸಾಲದು, ಇಂಗ್ಲಿಷ್‌ನಲ್ಲಿ ವಿವರಿಸುವ ಕೈಪಿಡಿ ಬೇಕೇ ಬೇಕು. ಲ್ಯಾಟಿನ್‌ನಲ್ಲಿ ನಾಮಪದದ ಕೊನೆ ಬದಲಾಗುವುದು ಮಾತ್ರ ನಮಗೆ ಹೊಸದಲ್ಲ. ಮರವನ್ನು, ಮರಕ್ಕೆ, ಮರದಲ್ಲಿ ಅಂತ ದಿನಾ ಹೇಳುತ್ತೇವೆ ಅಲ್ವಾ? ವಿಭಕ್ತಿಯನ್ನು ಕನ್ನಡದಲ್ಲೇ ವಿವರಿಸಿ, ಮಕ್ಕಳು ಬೇಗ ಹಿಡಿಯುತ್ತಾರೆ.

ಉಚ್ಚಾರಣೆ ಮೊದಲೇ ನಿರ್ಧರಿಸಿ. ಪ್ರಾಚೀನ ರೋಮಿನ ವಾಗ್ಮಿ Cicero ಹೆಸರು ಹಳೇ ರೋಮನ್ ರೀತಿಯಲ್ಲಿ 'ಕಿಕೆರೊ', ಚರ್ಚ್ ರೀತಿಯಲ್ಲಿ 'ಚಿಚೆರೊ'. ನಾವು ಮೊದಲನೆಯದನ್ನು ಆರಿಸಿದೆವು. ಆಡಿಯೋ ತೆಗೆದುಕೊಳ್ಳುವಾಗಲೂ ಅದೇ ರೀತಿಯದ್ದೇ ನೋಡಿ, ಇಲ್ಲದಿದ್ದರೆ ಮಕ್ಕಳಿಗೆ ಸುಮ್ನೆ ಗೊಂದಲ.